ಪದ ಬೇಕು: ಹವಾಯಿಯ 'ಹೊಒಪೊನೊಪೊನೊ' (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಮನೆಯವರಿಂದಲೇ ಹೊಡೆತ ತಿಂದ ಹವಾಯಿ ಮೂಲನಿವಾಸಿ ಹೆಂಗಸರಿಗೆ ಅವರದೇ ಆಚಾರಗಳ ಮೂಲಕ ಆಸರೆ ಕೊಡುವ ಬಗ್ಗೆ ಲೇಖನ ಅನುವಾದಿಸುತ್ತಿದ್ದೇನೆ. ಮೂರು ಕಡೆ ನಿಂತುಹೋಗಿದೆ. 'ಸರ್ವೈವರ್': 'ಸಂತ್ರಸ್ತೆ' ಅಂದರೆ ಪೊಲೀಸ್ ಸುದ್ದಿ, 'ಬದುಕುಳಿದವರು' ಅಂದರೆ ಬಸ್ ಅಪಘಾತ. 'ಪುಉಹೊನುಅ': ಹಿಂದೆ ಕಟ್ಟಳೆ ಮುರಿದವರು ಓಡಿಬಂದು ಜೀವ ಉಳಿಸಿಕೊಳ್ಳುತ್ತಿದ್ದ ಜಾಗ. ಹೋನೌನೌದಲ್ಲಿ ಅಂಥದ್ದೊಂದು ಈಗಲೂ ಇದೆ. ಇನ್ನು 'ಹೊಒಪೊನೊಪೊನೊ': ಮನೆಯವರೆಲ್ಲ ಹಿರಿಯರೊಬ್ಬರ ಮುಂದೆ ಕೂತು, ಪ್ರಾರ್ಥನೆ ಮಾಡಿ, ತಪ್ಪು ಒಪ್ಪಿಕೊಂಡು ಮನಸ್ಸು ತಿಳಿಮಾಡಿಕೊಳ್ಳುವುದು. ಸದ್ಯಕ್ಕೆ 'ರಾಜಿ ಪಂಚಾಯಿತಿ' ಅಂತ ಹಾಕಿದ್ದೇನೆ. ನಡೆಯುತ್ತಾ?
— ಸು.

ಮರು:
'ಪೊನೊ' ಅಂದರೆ ಸರಿ. 'ಹೊಒ-' ನಮ್ಮ '-ಇಸು' ಮಾಡುವ ಕೆಲಸವನ್ನೇ ಮಾಡುತ್ತದೆ, ಮುಂದೆ ಬರುತ್ತದೆ ಅಷ್ಟೆ. ಹಾಗಾಗಿ 'ಸರಿಪಡಿಕೆ'. 'ರಾಜಿ' ಅರಬ್ಬಿ, ಬೇಡ. 'ಸಂತ್ರಸ್ತೆ' ಅಂತೂ ಬಾಯಲ್ಲೇ ಹೊರಳುವುದಿಲ್ಲ. ಹವಾಯಿ ನುಡಿಗೆ 13 ಬರಿಗೆ, ಅಂದರೆ ನೀವು ಅನ್ನುವ 'ಅಕ್ಷರ', ಸಾಕಾಗಿವೆ. ನಮಗೆ ಯಾಕೆ ಇಷ್ಟೊಂದು ಹೊರೆ?
— ರಾ.

ಮರು:
'ಸರಿಪಡಿಕೆ' ಅಂದರೆ ಪಂಪ್‌ಸೆಟ್ ರಿಪೇರಿ. 'ರಾಜಿ' ಬೇಡ ಅನ್ನುವುದು ನಿಜ, ಆದರೆ ಅರಬ್ಬಿ ಅಂತಲ್ಲ. ನಮ್ಮೂರ ರಾಜಿ ಅಂದರೆ 'ಹೊಂದಿಕೊಂಡು ಹೋಗಮ್ಮ' ಅಂತ ಹೆಂಗಸನ್ನು ವಾಪಸ್ ಕಳಿಸುವುದು. ಹೆದರಿದವಳನ್ನು ಹೊಡೆದವನ ಎದುರು ಕೂರಿಸಿದರೆ ಅದು ಹೊಒಪೊನೊಪೊನೊ ಆಗುವುದಿಲ್ಲ. ಅಲ್ಲಿ ಎಲ್ಲರೂ ಮನಸ್ಸು ಬಿಚ್ಚಿ ನಿಜ ಹೇಳಬೇಕು, ಹೆದರಿಕೆಯಲ್ಲಿ ಯಾರು ಹೇಳುತ್ತಾರೆ? ಪುಕುಯಿ-ಎಲ್ಬರ್ಟ್ ಅವರ ಹವಾಯಿ ನಿಘಂಟು ತೆಗೆಯಿರಿ. ಜಗಳಕ್ಕೆ ಅವರು ಹೇಳುವ 'ಹಿಹಿಅ' ಅಂದರೆ ಸಿಕ್ಕು. ಕ್ಷಮಿಸುವುದಕ್ಕೆ 'ಕಲ', ಅಂದರೆ ಬಿಚ್ಚು, ಸಡಿಲಿಸು. ಕನ್ನಡ ಎದುರಿಗೇ ಇದೆ ಅಲ್ವಾ? 'ಸಿಕ್ಕು ಬಿಡಿಸುವುದು'.
— ಗಿ.

ಮರು:
ಗಿ. ಅವರ ಮಾತಿಗೆ ಒಂದು ಬಾಲ. ಅವರ 'ಒಹಾನ', ಅಂದರೆ ಮನೆಮಂದಿ, ಬಂದಿರುವುದು 'ಒಹಾ'ದಿಂದ: ಕೆಸುವಿನ ಗೆಡ್ಡೆಯ ಪಕ್ಕದಲ್ಲಿ ಒಡೆಯುವ ಮರಿ. ನಾವು ಪತ್ರೊಡೆ ಮಾಡುವ ಅದೇ ಕೆಸು! ನಾವೂ 'ವಂಶದ ಕುಡಿ' ಅನ್ನುತ್ತೇವಲ್ಲ.
— ಮಲೆನಾಡಿನಿಂದ, ಶಾ.

ಮರು:
ಅಡುಗೆ ಇಲ್ಲಿ ಬೇಡ. 'ವಂಶ' ಸಂಸ್ಕೃತ. 'ಪುಉಹೊನುಅ'ಕ್ಕೆ ಹಳಗನ್ನಡದ 'ಮರೆವೊಗು', ಅಂದರೆ ಆಸರೆ ಬೇಡಿ ಬರು, ಇದೆ. 'ಮರೆದಾಣ' ಅನ್ನಿ. ಹವಾಯಿಯವರು ತಮ್ಮ ನುಡಿ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾರೆ, ನಾವು ಸುಮ್ನೆ ಕಂಡದ್ದನ್ನೆಲ್ಲ ಸಾಲ ತರುತ್ತಿದ್ದೇವೆ.
— ರಾ.

ಮರು:
ಆ ಹವಾಯಿಯವರೇ ಸ್ಕೂಲಿಗೆ 'ಕುಲ', ಬುಕ್ಕಿಗೆ 'ಪುಕೆ' ಅನ್ನುತ್ತಾರೆ ಸ್ವಾಮಿ. ಸಾಲ ತಂದು ತಮ್ಮ ಬಾಯಿಗೆ ಒಗ್ಗಿಸಿಕೊಂಡರು. 'ಮರೆದಾಣ' ಮಾತ್ರ ಚೆನ್ನಾಗಿದೆ, ಒಪ್ಪಿದೆ.
— ಗಿ.

ಮರು:
ಎಲ್ಲರಿಗೂ ಥ್ಯಾಂಕ್ಸ್. 'ಸಿಕ್ಕು ಬಿಡಿಸುವ ಕೂಟ' ಮತ್ತು 'ಮರೆದಾಣ' ತೆಗೆದುಕೊಂಡೆ. ಮೂಲ ಹೆಸರುಗಳನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ. 'ಸರ್ವೈವರ್'ಗೆ ಯಾರೂ ಏನೂ ಹೇಳಲಿಲ್ಲ, ನಾನೇ 'ಪಾರಾದವರು' ಅಂತ ಹಾಕಿದೆ.
— ಸು.

ಮರು:
'ಪಾರ' ಸಂಸ್ಕೃತ.
— ರಾ.

ಮರು:
ಅಚ್ಚಿಗೆ ಹೋಯ್ತು ಸಾರ್.
— ಸು.