ಅಳಿವೆ ಬದಿಯ ಸವುಳು ಬಾವಿಗೆ ಪೊರೆ ಶುದ್ಧೀಕರಣ: ನಲುವತ್ತು ಮನೆಗಳಿಗೆ ಯಾವುದು ತಕ್ಕುದು?

ಪ್ರಶ್ನೆ: ಶಿರಿಯ ಹೊಳೆಬದಿಯವ

ಕುಂಬಳೆಗೆ ಸಮೀಪ, ಶಿರಿಯ ಹೊಳೆಯ ಅಳಿವೆಯಿಂದ ತುಸು ಒಳಗೆ ನಮ್ಮ ನಲುವತ್ತು ಮನೆಗಳಿವೆ. ಮಳೆಗಾಲದಲ್ಲಿ ಬಾವಿಕಟ್ಟೆಯ ಮಟ್ಟಕ್ಕೆ ನೀರು ಬರುವ ಊರಿದು; ಆದರೂ ಮಾರ್ಚ್ ತಿಂಗಳು ಕಳೆಯುತ್ತಲೇ ಅನ್ನಕ್ಕಿಡುವ ನೀರು ಬಾಯಿಗೆ ಉಪ್ಪೆನಿಸುತ್ತದೆ. ಸಾರ್ವಜನಿಕ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದಾಗ ಕರಗಿದ ಲವಣಾಂಶ ಜನವರಿಯಲ್ಲಿ ಲೀಟರಿಗೆ 310 ಮಿಲಿಗ್ರಾಂ ಇದ್ದುದು ಏಪ್ರಿಲ್ ಕೊನೆಗೆ 1,900ಕ್ಕೆ ಏರಿತ್ತು. ಆಗ ಕ್ಲೋರೈಡ್ ಸುಮಾರು 900, ಕಬ್ಬಿಣ 1.2, ಪಿಎಚ್ 6.1. ಎಲ್ಲರೂ ಸೇರಿ ಒಂದು ಸಾಮೂಹಿಕ ಘಟಕ ಹಾಕಬೇಕೆಂದಿದ್ದೇವೆ. ಆರ್‌ಒ (ಒತ್ತಡ ಹಾಕಿ ನೀರನ್ನು ಪೊರೆಯ ಮೂಲಕ ಹಾಯಿಸಿ ಉಪ್ಪನ್ನು ತಡೆಯುವ ವಿಧಾನ) ಬೇಕೇ, ಅದಕ್ಕಿಂತ ಸಡಿಲವಾದ ಪೊರೆಯ ನ್ಯಾನೋಫಿಲ್ಟ್ರೇಶನ್ ಸಾಕೇ ಎಂಬುದು ಮೊದಲ ಸಂದೇಹ. ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ಮುಂತಾದ ಹೊಸ ಪೊರೆಗಳು ಬರುತ್ತಿವೆಯೆಂದು ಓದಿದ್ದೇನೆ. ಅವುಗಳಿಗಾಗಿ ಕಾಯುವುದು ಲೇಸೇ ಎಂಬುದು ಎರಡನೆಯದು.

ಉತ್ತರ 1: ಸುರತ್ಕಲ್ ಕಡೆಯ ರಸಾಯನ ಅಧ್ಯಾಪಕ

ನಿಮ್ಮ ಅಂಕಿಗಳೇ ಅರ್ಧ ಉತ್ತರ ಹೇಳುತ್ತಿವೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35,000 ಮಿಲಿಗ್ರಾಂ ಲವಣವಿದ್ದು, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕ್ಲೋರೈಡ್ ಆಗಿರುತ್ತದೆ. ನಿಮ್ಮಲ್ಲಿ ಬೇಸಗೆಗೆ ಏರಿದ 1,600 ಮಿಲಿಗ್ರಾಮಿನಲ್ಲಿಯೂ ಕ್ಲೋರೈಡಿನ ಪಾಲು ಹಾಗೆಯೇ ಇರುವುದರಿಂದ, ಬಾವಿಗೆ ನೂರಕ್ಕೆ ನಾಲ್ಕೈದು ಪಾಲಿನಷ್ಟು ಕಡಲ ನೀರು ಸೇರುತ್ತಿದೆ ಎಂದು ಧಾರಾಳವಾಗಿ ಊಹಿಸಬಹುದು.

ನ್ಯಾನೋಫಿಲ್ಟ್ರೇಶನ್ ಪೊರೆಯು ಕ್ಯಾಲ್ಸಿಯಂ, ಸಲ್ಫೇಟುಗಳಂತಹ ಎರಡು ವಿದ್ಯುದಂಶದ ಅಯಾನುಗಳನ್ನು ಚೆನ್ನಾಗಿ ತಡೆಯುತ್ತದೆಯೇ ಹೊರತು, ಸೋಡಿಯಂ ಮತ್ತು ಕ್ಲೋರೈಡುಗಳಲ್ಲಿ ಗಣನೀಯ ಭಾಗವನ್ನು ದಾಟಿಹೋಗಲು ಬಿಡುತ್ತದೆ. ಅರ್ಧ ತಡೆದರೂ 450 ಉಳಿಯುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಕ್ಲೋರೈಡಿನ ಅಪೇಕ್ಷಣೀಯ ಮಿತಿ 250, ಬೇರೆ ಮೂಲವಿಲ್ಲದಿದ್ದರೆ 1,000. ಗಡಸುನೀರಿನ ಊರುಗಳಿಗೆ ಸಲ್ಲುವ ಪೊರೆಯದು, ಅಳಿವೆ ಬದಿಯದಲ್ಲ. ನಿಮಗೆ ಬೇಕಾದುದು ಕಡಿಮೆ ಒತ್ತಡದ ಸವುಳುನೀರಿನ ಆರ್‌ಒ.

ವೆಚ್ಚಕ್ಕೆ ಹೆದರಬೇಕಾಗಿಲ್ಲ. ಕಡಲ ನೀರಿನ ಆಸ್ಮಾಟಿಕ್ ಒತ್ತಡ (ನೀರನ್ನು ಪೊರೆಯಾಚೆ ತಳ್ಳಲು ಮೀರಬೇಕಾದ, ಉಪ್ಪಿನಿಂದಾಗುವ ಒತ್ತಡ) ಸುಮಾರು 27 ಬಾರ್ ಇರುವುದರಿಂದ ಚೆನ್ನೈ ಬಳಿಯ ಮಿಂಜೂರಿನಂತಹ ಸ್ಥಾವರಗಳು 55ರಿಂದ 70 ಬಾರ್ ಒತ್ತಡ ಹಾಕಬೇಕಾಗುತ್ತದೆ. ನಿಮ್ಮ ನೀರಿನ ಆಸ್ಮಾಟಿಕ್ ಒತ್ತಡ ಎರಡು ಬಾರ್ ಕೂಡ ಮೀರದು. ಹತ್ತು ಬಾರಿನ ಪಂಪು ಸಾಕು. ಮನೆಗೆ ದಿನಕ್ಕೆ 20 ಲೀಟರಿನಂತೆ, ಕುಡಿಯಲು ಮತ್ತು ಅಡುಗೆಗೆ ಮಾತ್ರ, ಒಟ್ಟು 800 ಲೀಟರ್ ತೆಗೆದರೆ ಅಧಿಕ ಒತ್ತಡದ ಪಂಪಿಗೆ ಒಂದು ಯೂನಿಟ್ಟಿನಷ್ಟು ವಿದ್ಯುತ್ತು ತಗಲೀತು. ತೋಟಕ್ಕೂ ಬಟ್ಟೆಗೂ ಇದೇ ನೀರು ಬೇಕೆಂದರೆ ಲೆಕ್ಕ ಬೇರೆಯೇ ಆಗುತ್ತದೆ.

ಹೊಸ ಪೊರೆಗಳಿಗಾಗಿ ಕಾಯಬೇಡಿ. ಆರ್‌ಒ ಕಾರ್ಯಸಾಧ್ಯವಾದುದು ಲೋಬ್ ಮತ್ತು ಸೌರಿರಾಜನ್ ಎಂಬವರು 1959-60ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಸೆಲ್ಯುಲೋಸ್ ಅಸಿಟೇಟ್ ಪೊರೆಯಿಂದ. ಬಳಿಕ ಜಾನ್ ಕ್ಯಾಡಾಟ್ ರೂಪಿಸಿದ ಪಾಲಿಅಮೈಡ್ ತೆಳುಪದರವೇ ಇಂದಿಗೂ ಮಾರುಕಟ್ಟೆಯನ್ನು ಆಳುತ್ತಿದೆ. ಗ್ರಾಫೀನ್ ಆಕ್ಸೈಡಾಗಲಿ, ಜೀವಕೋಶದ ನೀರುಗಾಲುವೆಯಾದ ಅಕ್ವಾಪೋರಿನನ್ನು ಕೂಡಿಸಿದ ಪೊರೆಯಾಗಲಿ ನೀರನ್ನು ಇನ್ನಷ್ಟು ಸಲೀಸಾಗಿ ಹಾಯಿಸೀತು. ಆದರೆ ನಿಮ್ಮ ತೊಡಕು ನೀರು ಹಾಯದಿರುವುದಲ್ಲ, ಪೊರೆ ಕಟ್ಟಿಹೋಗುವುದು. ಕ್ಲೋರಿನ್ ತಾಳುವ, ಕೆಸರು ಹಿಡಿಯದ ಪೊರೆ ಬಂದರೆ ನಮ್ಮಂಥ ಊರಿಗೆ ಹೆಚ್ಚು ಲಾಭ.

ಉತ್ತರ 2: ಮಂಜೇಶ್ವರದ ನೀರು ಸಮಿತಿಯೊಬ್ಬರು

ಕ್ಲೋರಿನಿನ ಮಾತು ಬಂದುದರಿಂದ ನಮ್ಮ ಅನುಭವ ಹೇಳುತ್ತೇನೆ. ನಮ್ಮಲ್ಲೂ ಇಂಥದೇ ಘಟಕವಿತ್ತು. ಒಂದು ಭಾನುವಾರ ಜ್ವರದ ಮುನ್ನೆಚ್ಚರಿಕೆಯೆಂದು ಊರಿನ ಹುಡುಗರು ಒಳ್ಳೆಯ ಮನಸ್ಸಿನಿಂದ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು. ಕ್ಲೋರಿನನ್ನು ಪೊರೆಗೆ ಮುಟ್ಟದಂತೆ ಹಿಡಿಯುವ ಕಾರ್ಬನ್ ಶೋಧಕವನ್ನು ಎರಡು ವರ್ಷಗಳಿಂದ ಬದಲಿಸದೆ ಇದ್ದುದು ನಮ್ಮದೇ ತಪ್ಪು. ಮುಂದಿನ ತಿಂಗಳುಗಳಲ್ಲಿ ಸಿಹಿನೀರಿನ ಲವಣಾಂಶ ಮೆಲ್ಲನೆ ಏರತೊಡಗಿತು. ಪಾಲಿಅಮೈಡ್ ಪದರವನ್ನು ಕ್ಲೋರಿನ್ ತಿಂದುಹಾಕಿದೆಯೆಂದು ತಿಳಿಯುವಷ್ಟರಲ್ಲಿ ಪೊರೆಗಳು ಕೆಲಸಕ್ಕೆ ಬಾರದಾಗಿದ್ದವು. ಬಾವಿಗೆ ಪುಡಿ ಹಾಕುವ ದಿನ ಘಟಕದ ಸ್ವಿಚ್ಚು ಕೆಳಗಿರಬೇಕು, ಮತ್ತು ಅದನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು.

ಎರಡನೆಯ ಶತ್ರು ನಿಮ್ಮ 1.2 ಮಿಲಿಗ್ರಾಂ ಕಬ್ಬಿಣ. ಮುರಕಲ್ಲಿನ ನೆಲದಲ್ಲಿ ಇದು ಸಹಜ. ಗಾಳಿಯಾಡಿಸಿ ಮರಳಿನಲ್ಲಿ ಸೋಸಿದರೆ ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ; 6.1ರ ಹುಳಿ ನೀರಿನಲ್ಲಿ ಅದು ತೀರಾ ನಿಧಾನ. ಮೊದಲು ಸುಣ್ಣಕಲ್ಲಿನ ಹಾಸಿನ ಮೂಲಕ ಹಾಯಿಸಿ ಪಿಎಚ್ ಅನ್ನು ಏಳರ ಮೇಲಕ್ಕೆ ತಂದು, ಅನಂತರ ಗಾಳಿ, ಆಮೇಲೆ ಮರಳು, ಕೊನೆಗೆ ಅಲ್ಟ್ರಾಫಿಲ್ಟ್ರೇಶನ್ ಇಡುವುದು ನಮಗೆ ಸರಿಬಂದ ಕ್ರಮ. ಅಲ್ಟ್ರಾಫಿಲ್ಟ್ರೇಶನ್ ಉಪ್ಪನ್ನು ತಡೆಯದು, ಆದರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಹಾಗಾಗಿ ಉಪ್ಪಿಲ್ಲದ ಒಂಬತ್ತು ತಿಂಗಳು ಅದೊಂದೇ ಸಾಕು. ಆರ್‌ಒ ಪೊರೆಗಳಿಗೆ ಶೇಕಡ ಒಂದರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಸಿ ಮಲಗಿಸಬಹುದು. ವರ್ಷವಿಡೀ ಆರ್‌ಒ ಓಡಿಸಿ, 310 ಮಿಲಿಗ್ರಾಮಿನ ಒಳ್ಳೆಯ ನೀರಿನ ಅರ್ಧವನ್ನು ಚರಂಡಿಗೆ ಬಿಡುವ ಘಟಕಗಳನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ.

ಉತ್ತರ 3: ಚಂದ್ರಗಿರಿ ಆಚೆಯವ

ಆರ್‌ಒ ಬಿಟ್ಟುಹಾಕುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. 800 ಲೀಟರ್ ಸಿಹಿನೀರಿಗೆ 800 ಲೀಟರ್ ಬಿಡುನೀರು ಬರುತ್ತದೆಂದರೆ, ಅದರಲ್ಲಿ ಲೀಟರಿಗೆ ಸುಮಾರು 3,800 ಮಿಲಿಗ್ರಾಂ ಲವಣವಿರುತ್ತದೆ. ಹತ್ತಿರದಲ್ಲಿ ಗುಂಡಿ ತೋಡಿ ಇಂಗಿಸಿದರೆ ತೂತುತೂತಾದ ಮುರಕಲ್ಲಿನೊಳಗಿಂದ ಅದು ಪುನಃ ಬಾವಿಗೇ ಬರುತ್ತದೆ. ಅಡಿಕೆಯ ಬುಡಕ್ಕಂತೂ ಬೇಡವೇ ಬೇಡ. ಆ ಮರ ಉಪ್ಪನ್ನು ಸಹಿಸದು. ಬೇಸಗೆಯಲ್ಲಿ ಅಳಿವೆಯ ನೀರು ಇದಕ್ಕಿಂತಲೂ ಹೆಚ್ಚು ಉಪ್ಪಾಗಿರುವುದರಿಂದ, ಇಳಿತದ ಹೊತ್ತಿನಲ್ಲಿ ಪೈಪಿನ ಮೂಲಕ ಅಲ್ಲಿಗೇ ಬಿಡುವುದು ಕಡಿಮೆ ಕೇಡಿನ ದಾರಿ.

ಇನ್ನೊಂದು ಮಾತು. ಕರಾವಳಿಯ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಘೈಬೆನ್ ಮತ್ತು ಹರ್ಝ್‌ಬರ್ಗ್ ಎಂಬವರ ಲೆಕ್ಕದಂತೆ ಕಡಲ ಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ನಿಲ್ಲುತ್ತದೆ. ತಿರುಗಿಸಿ ಹೇಳುವುದಾದರೆ, ಪಂಪು ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಉಪ್ಪು 40 ಅಡಿ ಏರಲು ಹವಣಿಸುತ್ತದೆ. ಘಟಕ ಬಂತೆಂಬ ಧೈರ್ಯದಲ್ಲಿ ತೋಟಗಳಿಗೆ ಇನ್ನೆರಡು ಕೊಳವೆಬಾವಿ ಕೊರೆದರೆ ಪೊರೆ ಎಷ್ಟೇ ಉತ್ತಮವಾಗಿದ್ದರೂ ವರ್ಷದಿಂದ ವರ್ಷಕ್ಕೆ ಅದರ ಕೆಲಸ ಹೆಚ್ಚುತ್ತಲೇ ಹೋಗುತ್ತದೆ. ಕಾಸರಗೋಡು ಪೇಟೆಯವರು ಬೇಸಗೆಯಲ್ಲಿ ಉಪ್ಪು ನಳ್ಳಿನೀರು ಕುಡಿದ ಕಾಲವನ್ನು ನಾನು ಕಂಡಿದ್ದೇನೆ. ಚಂದ್ರಗಿರಿ ಹೊಳೆಗೆ ವರ್ಷವರ್ಷ ಹಾಕುತ್ತಿದ್ದ ತಾತ್ಕಾಲಿಕ ಅಡ್ಡಕಟ್ಟದ ಬದಲು ಬಾವಿಕ್ಕರದಲ್ಲಿ ಶಾಶ್ವತ ಅಣೆಕಟ್ಟಾದುದು ಆ ಕಾರಣಕ್ಕೇ. ನಿಮ್ಮ ತೋಡುಗಳಿಗೂ ದಶಂಬರದಲ್ಲಿ ಹಿಂದಿನಂತೆ ಕಟ್ಟ ಕಟ್ಟಿ, ಗುಡ್ಡದ ಬದಿಯ ಸುರಂಗಗಳಲ್ಲಿ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದವು) ಇನ್ನೂ ನೀರಿದ್ದರೆ ಅದನ್ನು ಆರ್‌ಒ ನೀರಿಗೆ ಬೆರೆಸಲು ಸಾಧ್ಯವೇ ನೋಡಿ. ಬೆರಕೆಯಾದರೆ ಪೊರೆಯ ಹೊರೆಯೂ ಇಳಿಯುತ್ತದೆ, ಆರ್‌ಒ ನೀರಿನ ಸಪ್ಪೆಯೂ ಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವವನು ನಾನೇ ಆಗಿರುವುದರಿಂದ ಎರಡನೆಯ ಉತ್ತರ ಓದಿ ಸ್ವಲ್ಪ ಬೆವರಿದೆ. ಮೇಲಿನ ಗುಡ್ಡದಲ್ಲಿ ಎರಡು ಸುರಂಗಗಳಿವೆ. ಒಂದರಲ್ಲಿ ಮೇ ತಿಂಗಳಲ್ಲೂ ಬೆರಳು ದಪ್ಪದ ನೀರು ಬರುತ್ತದೆ, ಅದು ದಿನಕ್ಕೆ ಎಷ್ಟು ಕೊಡವಾಗುತ್ತದೆಂದು ಈ ವಾರ ಅಳೆಯುತ್ತೇವೆ. ಬಿಡುನೀರಿನ ಪೈಪಿಗೆ ಅಳಿವೆಯವರೆಗೆ ಮೂರು ಜಾಗಗಳನ್ನು ದಾಟಬೇಕು, ಒಬ್ಬರು ಒಪ್ಪಿಲ್ಲ. ಘಟಕಕ್ಕೆ ಹಣ ಕೊಡುವ ಮೊದಲು ಅವರ ಒಪ್ಪಿಗೆ ಆಗಬೇಕೆಂದು ನಿನ್ನೆಯ ಸಭೆಯಲ್ಲಿ ಬರೆದುಕೊಂಡೆವು. ಬರುವ ಅಮಾವಾಸ್ಯೆಯ ಭರತ ಮತ್ತು ಇಳಿತ, ಎರಡೂ ಹೊತ್ತಿನಲ್ಲಿ ಬಾವಿಯ ನೀರು ತೆಗೆದು ಪರೀಕ್ಷಿಸಿ ಅಂಕಿಗಳನ್ನು ಇಲ್ಲಿಯೇ ಹಾಕುತ್ತೇನೆ.