ಬಡವರು ಮುಂದೆ, ಸಾಹುಕಾರರು ಹಿಂದೆ?

ಚಿಕ್ಕಪ್ಪ: (ಫಾರ್ವರ್ಡ್ ಆದ ಚಿತ್ರ) ರೋಮನ್ ಸೇನೆಯ ಮೂರು ಸಾಲು. ಮುಂದೆ ಬಡವರು ಸಾಯಲು, ಹಿಂದೆ ಸಾಹುಕಾರರು ನೋಡಲು! ಎಲ್ಲರೂ ಓದಿ. ಆಗಲೂ ಇಷ್ಟೇ, ಈಗಲೂ ಇಷ್ಟೇ.

ಅತ್ತೆ: 🙏

ಅಕ್ಕ: ಚಿಕ್ಕಪ್ಪ, ಇದು ಸರಿಯಿಲ್ಲ. ಮೂರು ಸಾಲು ಇದ್ದದ್ದು ನಿಜ. ಹಸ್ತಾತಿ, ಪ್ರಿಂಕಿಪೆಸ್, ತ್ರಿಯಾರಿ. ಆದರೆ ಹಂಚಿದ್ದು ವಯಸ್ಸು ನೋಡಿ, ದುಡ್ಡು ನೋಡಿ ಅಲ್ಲ. ಕ್ರಿ.ಪೂ. 2ನೇ ಶತಮಾನದಲ್ಲಿ ರೋಮ್‌ನಲ್ಲೇ ಇದ್ದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇದನ್ನು ಬಿಡಿಸಿ ಬರೆದಿದ್ದಾನೆ. ಲೀಜನ್ ಅನ್ನುವ ಒಂದೊಂದು ದಳದಲ್ಲಿ ಮುಂದೆ ಹರೆಯದವರು 1,200, ನಡುವೆ ನಡುಪ್ರಾಯದವರು 1,200, ಹಿಂದೆ ಹಳಬರು 600.

ಚಿಕ್ಕಪ್ಪ: ಹಾಗಾದರೆ ಬಡವರು ಎಲ್ಲಿ ಹೋದರಮ್ಮ? ಸೇನೆಯಲ್ಲೇ ಇರಲಿಲ್ವಾ?

ತಮ್ಮ: ಇದ್ದರು. ವೆಲಿಟೆಸ್ ಅಂತ, ಅವರೂ 1,200. ಎಲ್ಲರಿಗಿಂತ ಚಿಕ್ಕವರು, ಎಲ್ಲರಿಗಿಂತ ಬಡವರು. ಕೈಯಲ್ಲಿ ಎಸೆಯುವ ಈಟಿ, ಕತ್ತಿ, ಒಂದು ಗುಂಡಗಿನ ಗುರಾಣಿ. ಮೈಗೆ ಕವಚ ಇಲ್ಲ. ನಿಂತದ್ದು ಮೂರೂ ಸಾಲಿಗಿಂತ ಮುಂದೆ.

ಚಿಕ್ಕಪ್ಪ: ನೋಡಿದೆಯಾ!

ಅಕ್ಕ: ಅವರು ಸಾಯಲು ನಿಂತವರಲ್ಲ. ಈಟಿ ಎಸೆದು, ಸಾಲುಗಳ ಸಂದಿನಲ್ಲಿ ನುಸುಳಿ ಹಿಂದಕ್ಕೆ ಬರುತ್ತಿದ್ದರು. ಒಂದೊಂದು ಸಾಲಿನಲ್ಲಿ ಹತ್ತು ತುಕಡಿ, ನಡುವೆ ಜಾಗ, ಚದುರಂಗದ ಮಣೆಯ ಕಪ್ಪು ಮನೆಗಳ ಹಾಗೆ. ಮೊದಲ ಸಾಲು ದಣಿದರೆ ಎರಡನೆಯದರ ಸಂದಿಗೆ ಸರಿಯುತ್ತದೆ, ಎರಡನೆಯದು ಮುಂದೆ ಬರುತ್ತದೆ. ತ್ರಿಯಾರಿಗಳು ಎಡಗಾಲು ಚಾಚಿ, ಗುರಾಣಿ ಹೆಗಲಿಗೆ ಒರಗಿಸಿ, ಉದ್ದ ಈಟಿ ನೆಟ್ಟು ಕಾಯುತ್ತಿದ್ದರು ಅಂತ ರೋಮನ್ ಇತಿಹಾಸಕಾರ ಲಿವಿ ಬರೆಯುತ್ತಾನೆ. ಅವರ ತನಕ ಬಂತು ಅಂದರೆ ಪರಿಸ್ಥಿತಿ ಕೆಟ್ಟಿದೆ ಅಂತಲೇ ರೋಮ್‌ನಲ್ಲಿ ಆಡುಮಾತು ಇತ್ತು. ಸುಮ್ನೆ ನೋಡಲು ಕೂತವರಲ್ಲ.

ಅಣ್ಣ: ಒಂದು ನಿಮಿಷ. ಕಾದಾಟ ಶುರುವಾದ ಮೇಲೂ ಆ ಜಾಗ ಖಾಲಿ ಬಿಟ್ಟರೆ ಶತ್ರು ನುಗ್ಗಲ್ವಾ?

ಅಕ್ಕ: ಇತಿಹಾಸಕಾರರೇ ಇದಕ್ಕೆ ಇನ್ನೂ ಕಿತ್ತಾಡುತ್ತಾರೆ ಅಣ್ಣ. ತುಕಡಿಯ ಹಿಂದಿನ ಅರ್ಧ ಪಕ್ಕಕ್ಕೆ ಬಂದು ಜಾಗ ಮುಚ್ಚುತ್ತಿತ್ತು ಅಂತ ಕೆಲವರು. ನುಗ್ಗಿದವನು ನೇರ ಎರಡನೇ ಸಾಲಿನ ಬಾಯಿಗೇ ಬೀಳುತ್ತಾನಲ್ಲ, ಹಾಗಾಗಿ ಮುಚ್ಚಬೇಕಿರಲಿಲ್ಲ ಅಂತ ಕೆಲವರು. ನನಗೆ ಎರಡನೆಯದೇ ಸರಿ ಅನಿಸುತ್ತದೆ.

ತಮ್ಮ: ದುಡ್ಡಿನ ಮಾತು ಬಿಟ್ಟೇ ಹೋಯ್ತು. ಒಂದೇ ಸಾಲಿನಲ್ಲಿ ಆಸ್ತಿ ಜಾಸ್ತಿ ಇದ್ದವನಿಗೆ ಕೊಂಡಿಗಳ ಕಬ್ಬಿಣದ ಅಂಗಿ, ಉಳಿದವರ ಎದೆಗೆ ಒಂದು ಗೇಣಿನ ಕಂಚಿನ ತಟ್ಟೆ ಅಷ್ಟೇ.

ಚಿಕ್ಕಪ್ಪ: ಇದನ್ನೇ ನಾನು ಹೇಳಿದ್ದು.

ಅಕ್ಕ: ನೀವು ಹೇಳಿದ್ದು ಸಾಲಿನ ವಿಷಯ. ಅದೇ ಬೇಕಾದರೆ ಇನ್ನೂ ಹಿಂದಕ್ಕೆ ಹೋಗಿ, ಸರ್ವಿಯಸ್ ಟುಲಿಯಸ್ ರಾಜನ ಹೆಸರಿನಲ್ಲಿ ಹೇಳುವ ಐದು ವರ್ಗಗಳಿಗೆ. ಲಿವಿ ಲೆಕ್ಕದಲ್ಲಿ 1,00,000 ಆಸ್ (ರೋಮ್‌ನ ಕಂಚಿನ ನಾಣ್ಯ) ಆಸ್ತಿ ಇದ್ದವನು ಮೊದಲ ವರ್ಗ. ಶಿರಸ್ತ್ರಾಣ, ಗುರಾಣಿ, ಎದೆಕವಚ, ಕಾಲಿನ ಕವಚ ಎಲ್ಲ ಅವನದೇ ಖರ್ಚು. 11,000ದ ಐದನೇ ವರ್ಗಕ್ಕೆ ಕವಣೆ, ಕಲ್ಲು. ಇದನ್ನೆಲ್ಲ ನೂರಾರು ವರ್ಷ ಆದ ಮೇಲೆ ಬರೆದದ್ದು, ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಡಯೊನಿಸಿಯಸ್ ಅನ್ನುವ ಗ್ರೀಕ್ ಇತಿಹಾಸಕಾರನ ಪ್ರಕಾರ ಯುದ್ಧದಲ್ಲಿ ಎಲ್ಲರಿಗಿಂತ ಮುಂದೆ ನಿಂತದ್ದು ಈ ಮೊದಲ ವರ್ಗವೇ. ನಿಮ್ಮ ಚಿತ್ರ ತಲೆಕೆಳಗು!

ಚಿಕ್ಕಪ್ಪ: ಸಾಹುಕಾರರು ಅಷ್ಟು ಒಳ್ಳೆಯವರಾ?

ತಮ್ಮ: ಪುಕ್ಕಟೆ ಅಲ್ಲ ಚಿಕ್ಕಪ್ಪ. ವೋಟು ಹಾಕುವುದೂ ಇದೇ ವರ್ಗಗಳ ಮೇಲೆ. ಒಟ್ಟು 193 ಗುಂಪು, ಗುಂಪಿಗೆ ಒಂದು ವೋಟು. ಮೊದಲ ವರ್ಗಕ್ಕೆ 80, ಕುದುರೆ ಮೇಲೆ ಹೋರಾಡುವ ಸಾಹುಕಾರರಿಗೆ 18. ಇಬ್ಬರೂ ಒಂದಾದರೆ 98, ಅಲ್ಲಿಗೆ ಮುಗಿಯಿತು. 11,000ಕ್ಕಿಂತ ಕಡಿಮೆ ಇದ್ದ ಅಷ್ಟೂ ಜನಕ್ಕೆ ಸೇರಿ ಒಂದೇ ಗುಂಪು. ಅವರಿಗೆ ಯುದ್ಧವೂ ಇಲ್ಲ.

ಚಿಕ್ಕಪ್ಪ: ಕೊನೆಗೂ ಗೆದ್ದದ್ದು ಸಾಹುಕಾರರೇ ತಾನೆ?

ಅಕ್ಕ: ವೋಟಿನಲ್ಲಿ. ಚಿತ್ರ ತೆಗೆಯಿರಿ.

ಚಿಕ್ಕಪ್ಪ: ಇನ್ನೂ ನಾಲ್ಕು ವಾಟ್ಸಾಪ್ ಗುಂಪಿಗೆ ಹೋಗಿಯಾಗಿದೆ. ಈ ವೋಟಿನ ಲೆಕ್ಕವನ್ನು ಅದರ ಕೆಳಗೆ ಹಾಕುತ್ತೇನೆ ಬಿಡು.