ಪದಚರ್ಚೆ: ಕೆಟ್ಟುಹೋದ ಪ್ರಾಜೆಕ್ಟಿನ ಬಗ್ಗೆ ಕೂತು ಮಾತಾಡುವುದಕ್ಕೆ ಕನ್ನಡದಲ್ಲಿ ಎಂತ ಹೇಳುವುದು?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗೇರುಬೀಜದ ಕಾರ್ಖಾನೆಗೆ ಆಗಾಗ ಅನುವಾದ ಮಾಡಿಕೊಡುತ್ತೇನೆ. ಕಳೆದ ವರ್ಷ ಅಲ್ಲಿ ದಾಸ್ತಾನಿನ ಲೆಕ್ಕಕ್ಕೆಂದು ಹೊಸ ಸಾಫ್ಟ್‌ವೇರ್ ತಂದರು. ಎಂಟು ತಿಂಗಳು ಒದ್ದಾಡಿ ಕೈಬಿಟ್ಟರು, ಈಗ ಪುನಃ ಹಳೇ ರಿಜಿಸ್ಟರು. ಯಾಕೆ ಹೀಗಾಯಿತೆಂದು ತಿಳಿಯಲು ಒಂದು ಇಂಗ್ಲಿಷ್ ಫಾರಂ ಬಂತು. ತೂಕ ಮಾಡುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ತುಂಬಬೇಕು, ಕನ್ನಡ ಮಾಡಿ ಕೊಡಿ ಎಂದರು. ಒಂದೇ ಪುಟ. ಅರ್ಧ ದಿನದ ಕೆಲಸ ಅಂದುಕೊಂಡೆ.

ತಲೆಬರಹದಲ್ಲೇ ಎಡವಿದೆ. ಅಲ್ಲಿದ್ದದ್ದು 'ಪ್ರಾಜೆಕ್ಟ್ ಪೋಸ್ಟ್‌ಮಾರ್ಟಂ'. ಲ್ಯಾಟಿನ್ನಿನಲ್ಲಿ ಅದಕ್ಕೆ 'ಸತ್ತ ಮೇಲೆ' ಎಂದಷ್ಟೇ ಅರ್ಥ. ಇಂಗ್ಲಿಷಿನವರ ಬಾಯಲ್ಲಿ ಸವೆದು ಸವೆದು ಹೆಣದ ವಾಸನೆ ಹೋಗಿದೆ. ನಮ್ಮಲ್ಲಿ ಹೋಗಿಲ್ಲ. ನಾನು 'ಯೋಜನೆಯ ಮರಣೋತ್ತರ ಪರೀಕ್ಷೆ' ಎಂದು ಹಾಕಿದ್ದನ್ನು ತೂಕದ ಹತ್ತಿರ ಕೂರುವ ಅಕ್ಕ ಓದಿ, "ಇದು ವೆನ್ಲಾಕಿನಿಂದ ಬಂದ ಕಾಗದವಾ ಮಾರಾಯ್ರೇ?" ಎಂದರು. (ವೆನ್ಲಾಕ್ ಎಂದರೆ ಮಂಗಳೂರಿನ ಸರಕಾರಿ ಆಸ್ಪತ್ರೆ.)

'ಯೋಜನೆ'ಯದ್ದು ಇನ್ನೊಂದು ರಗಳೆ. ಪ್ರಾಜೆಕ್ಟೂ ಅದೇ, ಪ್ಲಾನೂ ಅದೇ, ಸರಕಾರ ಹಣ ಕೊಡುವ ಸ್ಕೀಮೂ ಅದೇ. 'ಪ್ರಾಜೆಕ್ಟ್ ಪ್ಲಾನ್ ಸರಿಯಿತ್ತೇ' ಎಂಬುದು 'ಯೋಜನೆಯ ಯೋಜನೆ ಸರಿಯಿತ್ತೇ' ಎಂದಾಯಿತು. 'ಹಮ್ಮುಗೆ' ಎಂದು ಕೆಲವರು ಬರೆಯುವುದನ್ನು ನೋಡಿದ್ದೇನೆ, ಪದ ಚೆನ್ನಾಗಿಯೇ ಉಂಟು. ಆದರೆ ಫಾರಂನಲ್ಲಿ ಹಾಕಿದರೆ ಅದರ ಅರ್ಥ ಹೇಳಲು ನಾನೇ ಅಲ್ಲಿ ನಿಲ್ಲಬೇಕು. 'ಪ್ರಾಜೆಕ್ಟ್' ಎಂದೇ ಉಳಿಸಿದೆ.

'ಕಲಿತ ಪಾಠಗಳು' ಎಂಬ ಕಾಲಂ ಕೂಡ ಕೆಲಸ ಮಾಡಲಿಲ್ಲ. ನಮ್ಮಲ್ಲಿ ಪಾಠ ಕಲಿಯುವುದಕ್ಕಿಂತ ಹೆಚ್ಚಾಗಿ ಯಾರಿಗಾದರೂ ಪಾಠ ಕಲಿಸುವುದೇ ರೂಢಿ, ಕಲಿಸುವುದೆಂದರೆ ಏನೆಂದು ನಿಮಗೆಲ್ಲ ಗೊತ್ತು.

ನಾನು ನಿಜವಾಗಿ ಚರ್ಚಿಸಬೇಕೆಂದಿರುವುದು 'ಕಾರಣ'ವನ್ನು. ನಿರುಪದ್ರವಿ ಪದ ಅಂತ ಕಣ್ಣು ಮುಚ್ಚಿ ಹಾಕಿದ್ದೆ. ತುಂಬಿ ವಾಪಸ್ ಬಂದ 20 ಚಿಲ್ಲರೆ ಫಾರಂಗಳಲ್ಲಿ ಆ ಕಾಲಂನಲ್ಲಿದ್ದದ್ದು 'ಮಳೆ', 'ಕರೆಂಟ್ ಇರಲಿಲ್ಲ', 'ಗೊತ್ತಿಲ್ಲ'. ಆಮೇಲೆ ಹೊಳೆಯಿತು. 'ಕಾರಣ ಹೇಳಬೇಡ' ಎಂದರೆ ನೆಪ ಹೇಳಬೇಡ ಎಂದೇ ಅಲ್ಲವೇ? ಅದರ ಮೇಲೆ 'ಕಾರಣ ಕೇಳಿ ನೋಟಿಸ್' ಬೇರೆ. ಕೆಲಸಕ್ಕಿರುವವರಿಗೆ ಕಚೇರಿ ಕಾಗದದಲ್ಲಿ 'ಕಾರಣ' ಕಂಡರೆ ಮೊದಲು ನೆನಪಾಗುವುದು ಅದೇ. 1999ರಲ್ಲಿ ಮಂಗಳ ಗ್ರಹದ ಹತ್ತಿರ ನಾಸಾದ ನೌಕೆಯೊಂದು ಹಾಳಾದಾಗ ತನಿಖೆಯವರು ಮೂಲ ಕಾರಣವನ್ನೂ ಅದಕ್ಕೆ ಕೈಜೋಡಿಸಿದ ಕಾರಣಗಳನ್ನೂ ಬೇರೆ ಬೇರೆ ಬರೆದರು. ನಮಗೆ ಕಾರಣ, ನಿಮಿತ್ತ, ನೆಪ ಎಂಬ ಮೂರು ಮೆಟ್ಟಿಲಿದ್ದರೂ ಫಾರಂ ಎದುರಿಗೆ ಬಂದಾಗ ಮೂರೂ ಒಂದೇ ಆಗಿಬಿಡುತ್ತವೆ.

ಹಾಗಾಗಿ ಎರಡನೇ ಸಲ ಆ ಕಾಲಂನಲ್ಲಿ 'ಎಲ್ಲಿ ತಪ್ಪಿತು?' ಎಂದು ಬರೆದೆ. ದಾರಿ ತಪ್ಪುತ್ತದೆ, ತಾಳ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ. ತಪ್ಪಿಸಿದವ ಯಾರೆಂದು ಕ್ರಿಯಾಪದ ಕೇಳುವುದಿಲ್ಲ. ಅದೇ ಅಕ್ಕ ಈ ಸಲ ಅರ್ಧ ಪುಟ ಬರೆದಿದ್ದರು. ಹಸಿ ಬೀಜ ಲಾರಿಯಿಂದ ಇಳಿದಾಗ ಒಂದು ತೂಕ. ಅಂಗಳದಲ್ಲಿ ಎರಡು ಮೂರು ಬಿಸಿಲು ಕಂಡ ಮೇಲೆ ನೀರು ಆರಿ ಇನ್ನೊಂದು ತೂಕ. ರಿಜಿಸ್ಟರಿನಲ್ಲಿ ಈ ಇಳಿಕೆ ಬರೆಯಲು ಜಾಗವಿತ್ತು, ಕಂಪ್ಯೂಟರಿನಲ್ಲಿ ಇರಲಿಲ್ಲ. ಅದು ದಿನಾ 'ಕೊರತೆ' ಎಂದು ಕೆಂಪು ತೋರಿಸುವುದು, ಮಾಲು ಎಲ್ಲಿ ಹೋಯಿತೆಂದು ಇವರನ್ನು ಕೇಳುವುದು. ಸಾಕಾಗಿ ಒಣಗಿದ ತೂಕವನ್ನೇ ಬಂದ ತೂಕ ಎಂದು ಹಾಕತೊಡಗಿದರು. ಆಗ ಬೀಜ ಕಳಿಸಿದವರ ಬಿಲ್ಲಿಗೂ ಇದಕ್ಕೂ ತಾಳೆಯಾಗಲಿಲ್ಲ. (ಮಂಗಳನ ನೌಕೆಯದ್ದೂ ಹೆಚ್ಚುಕಮ್ಮಿ ಇದೇ ಕಥೆ. ಎಂಜಿನ್ನಿನ ನೂಕುಬಲ ಅಳೆಯಲು ಒಂದು ಕಡೆಯವರದ್ದು ಪೌಂಡಿನ ಲೆಕ್ಕ, ಇನ್ನೊಂದು ಕಡೆಯವರದ್ದು ನ್ಯೂಟನ್ ಲೆಕ್ಕ.)

ಹಾಗೆಂದು ಕರ್ತೃವಿಲ್ಲದ ಕ್ರಿಯಾಪದವನ್ನು ಪೂರಾ ನಂಬುವ ಹಾಗೂ ಇಲ್ಲ. ಮೇಲಿನವರೊಬ್ಬರ ಫಾರಂನಲ್ಲಿ 'ಅಂಗಳದವರಿಂದ ಮಾಹಿತಿ ಸಂಗ್ರಹಿಸಲಾಗಲಿಲ್ಲ' ಎಂದಿತ್ತು. ಸಂಗ್ರಹಿಸಲಿಲ್ಲ ಎಂದೋ, ಸಂಗ್ರಹಿಸಲು ಸಾಧ್ಯವಾಗಲಿಲ್ಲ ಎಂದೋ? ಎರಡೂ ಆಗುತ್ತದೆ. ಬರೆದವರಿಗೂ ಎರಡೂ ಆಗಬೇಕಿತ್ತು ಅಂತ ನನ್ನ ಗುಮಾನಿ.

ಈಗ ಪ್ರಶ್ನೆ. ಇಂಥ ಸಭೆಗೂ ಕಾಗದಕ್ಕೂ ಒಂದು ಹೆಸರು ಬೇಕು. 'ಸಿಂಹಾವಲೋಕನ'ದಲ್ಲಿ ಗತ್ತು ಜಾಸ್ತಿ, ಸೋತ ಸಿಂಹ ಕತ್ತು ತಿರುಗಿಸಿ ನೋಡುತ್ತದೋ ಇಲ್ಲವೋ. 'ಆತ್ಮಾವಲೋಕನ' ಚುನಾವಣೆಯಲ್ಲಿ ಸೋತ ಪಕ್ಷಗಳ ಪಾಲಾಗಿದೆ. 'ಮಹಜರು' ನನಗೆ ಇಷ್ಟ, ಜಾಗಕ್ಕೇ ಹೋಗಿ ನೋಡಿ, ನೋಡಿದವರ ಸಹಿ ಹಾಕಿಸುವುದು. ಆದರೆ ಪೊಲೀಸರ ವಾಸನೆ. 'ಸೋಲಿನ ಪರಾಮರ್ಶೆ' ಹತ್ತಿರ ಬರುತ್ತದೆ. ಪತ್ರಿಕೆಯವರ 'ಎಡವಿದ್ದೆಲ್ಲಿ?' ಇನ್ನೂ ಹತ್ತಿರ, ಆದರೆ ಅದನ್ನು ಸಭೆಯ ಹೆಸರಾಗಿ ಬಳಸಲು ಬರುವುದಿಲ್ಲ. 'ನಾಳೆ ಎಡವಿದ್ದೆಲ್ಲಿ ಉಂಟು, ಬನ್ನಿ' ಎನ್ನಲಾದೀತೇ?

ಇದರ ಜೊತೆಗೊಂದು ಉಪಪ್ರಶ್ನೆ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ 'ಪ್ರಿಮಾರ್ಟಂ' ಎಂಬ ಪದ್ಧತಿ ಉಂಟು. ಕೆಲಸ ಶುರು ಮಾಡುವ ಮೊದಲೇ ಅದು ಕೆಟ್ಟುಹೋಗಿದೆ ಅಂತ ಇಟ್ಟುಕೊಂಡು, ಯಾಕೆ ಕೆಟ್ಟಿತೆಂದು ಒಬ್ಬೊಬ್ಬರೂ ಬರೆಯುವುದು. 'ಮರಣಪೂರ್ವ' ಎಂದರೆ ಪೊಲೀಸರಿಗೆ ಕೊಡುವ ಕೊನೆಯ ಹೇಳಿಕೆಯಾಗುತ್ತದೆ, ಅದು ಬೇಡ. ಕಾರ್ಖಾನೆಯವರು ದೀಪಾವಳಿ ಕಳೆದು ಎರಡನೇ ಸಲ ಸಾಫ್ಟ್‌ವೇರ್ ಹಾಕುವವರಿದ್ದಾರೆ, ಅದಕ್ಕೆ ಮೊದಲು ಇದನ್ನು ಮಾಡಿಸಿ ಎಂದೆ. ಮ್ಯಾನೇಜರ್ ನಕ್ಕು, "ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆಯಲ್ಲೋ ಮಾಮ ಅಂದ ಹಾಗಾಯ್ತು" ಎಂದರು. ಆದರೂ ಫಾರಂ ಮಾಡಿ ಕೊಡಿ ಎಂದಿದ್ದಾರೆ.

ಕುಂದಾಪುರ, ಕಾಸರಗೋಡು ಕಡೆಯವರು ನಿಮ್ಮ ಮನೆಮಾತಿನಿಂದಲೂ ಹುಡುಕಿ ಹೇಳಿ. ಸದ್ಯಕ್ಕೆ ಎರಡೂ ಫಾರಂಗಳ ತಲೆ ಬೋಳಾಗಿಯೇ ಉಂಟು.